ಇಳಕಲ್ ಸೀರಿ ಜಾಲತಾಣಕ್ಕ ಸರಳ ಥೀಮ್ ಹಾಕೇನಿ, ಮೊಬೈಲಿನ್ಯಾಗ ಒತ್ತಕ್ಷರ ಕತ್ತರಿಸಿ ಹೋಗ್ತಾವು. ಏನ್ ಮಾಡ್ಲಿ?

ಇಳಕಲ್_ಟೋಪತೆನಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಇಳಕಲ್. ಮನ್ಯಾಗ ಮಗ್ಗ ಐತಿ, ಅಪ್ಪಾರು ನೇಯ್ತಾರ. ಸೀರಿ ಫೋಟೊ ತಗದು ಗಿರಾಕಿಗೆ ವಾಟ್ಸಾಪ್ ಮಾಡೂದು ನನ್ನ ಪಾಲಿನ ಕೆಲಸ. ಒಬ್ಬೊಬ್ಬರಿಗೂ ಅದ ಫೋಟೊ, ಅದ ವಿವರ ಮತ್ತ ಮತ್ತ ಕಳಸಿ ಬ್ಯಾಸರಾಗಿ, ಒಂದು ಸಣ್ಣ ಜಾಲತಾಣ ಮಾಡಿಬಿಡೂಣು ಅಂತ ಹ್ಯೂಗೋ (ಬರಹದ ಫೈಲಿನಿಂದ ಜಾಲತಾಣ ಕಟ್ಟಿಕೊಡೂ ತಂತ್ರಾಂಶ) ಹಾಕ್ಕೊಂಡು ಕುಂತೇನಿ. ಪಾಪಪ್ಪು, ಸರಿದಾಡೂ ಬ್ಯಾನರು ಯಾವುದೂ ಬ್ಯಾಡ ಅಂತ ಭಾಳ ಸರಳ ಥೀಮ್, ಅಂದ್ರ ತಯಾರಿರೂ ವಿನ್ಯಾಸ, ಆರಿಸೇನಿ. ಬಿಳಿ ಹಿನ್ನೆಲಿ, ಮ್ಯಾಲ ನಾಕು ಮೆನು, ನಡುವ ಬರಹ, ಮುಗೀತು.

ಡೆಮೊದಾಗ ಇಂಗ್ಲಿಷ್ ಬರಹ ಭಾಳ ಛಂದ ಕಾಣ್ತಿತ್ತು. ನಮ್ಮ ಕನ್ನಡ ಹಾಕಿದ ಕೂಡ್ಲೆ ಗದ್ದಲ ಚಾಲೂ. ಪಟ್ಟಿಯೊಳಗ "ಚಿಕ್ಕಿ ಪರಾಸ ದಡಿ" ಅಂತ ತಲೆಬರಹ ಐತಿ, ಮೊಬೈಲಿನ್ಯಾಗ ಕ ಒತ್ತು ಕೆಳಗ ಕತ್ತರಿಸಿ "ಚಿಕಿ" ಅಂತ ಓದಿಸ್ತೈತಿ. "ರೇಷ್ಮೆ"ಯ ಮ ಒತ್ತೂ ಅರ್ಧಾ ಮಾಯ. ದಪ್ಪ ಅಕ್ಷರ ಮಸಿ ಚೆಲ್ಲಿದಂಗ ಆಗ್ಯಾವು. ತಾರೀಖು ಇಂಗ್ಲಿಷಿನ್ಯಾಗ ಬರಾಕತ್ತಾವು. ತಲಿ ಕೆಟ್ಟು ಮೊಸರಾಗೈತಿ. ಇದನ್ನೆಲ್ಲಾ ಥೀಮಿನ ಫೋಲ್ಡರ್ ಒಳಗ ಹೋಗಿ ತಿದ್ದಬೇಕೊ, ಬ್ಯಾರೆ ದಾರಿ ಐತೊ? ಹಂಗ, ನಮ್ಮ ಸೀರಿಯ ದಾಳಿಂಬೆ ಕೆಂಪು ಬಣ್ಣ ಎಲ್ಲಿ ಹಾಕೂದು ಅನ್ನೂದೂ ಹೇಳ್ರಿ.

ಕರದಂಟು:
ನಾಕು ಪುಟಕ್ಕ ಹ್ಯೂಗೋ ಯಾಕ್ರಿ? ನೋಟ್‌ಪ್ಯಾಡ್ ತಗದು ಎಚ್‌ಟಿಎಮ್‌ಎಲ್ ಬರದು ಹಾಕ್ರಿ. ಥೀಮೂ ಇಲ್ಲ, ತಲಿಬ್ಯಾನಿನೂ ಇಲ್ಲ.

ಕ್ಯಾಂಪ್_ಬೆಳಗಾವಿ:
@ಕರದಂಟು ಅಣ್ಣಾರ, ನಾಕು ಪುಟ ಇದ್ದಿದ್ರ ನೀವು ಹೇಳೂದು ಖರೆ. ಇವರದು ಸೀರಿ ಲೆಕ್ಕ. ಪ್ರತಿ ಸೀರಿಗೂ ಒಂದು ಪುಟ, ಮುಖಪುಟದಾಗ ಅದರ ಪಟ್ಟಿ, ಗೋಮಿ ದಡಿ ಬ್ಯಾರೆ, ಗಾಯತ್ರಿ ದಡಿ ಬ್ಯಾರೆ ಅಂತ ವಿಂಗಡಣೆ. ಒಂದು ಸೀರಿ ಮಾರಿದ ಕೂಡ್ಲೆ ಮೂರು ಕಡೆ ಕೈಯಿಂದ ಅಳಿಸಬೇಕಾಗತೈತಿ. ಹ್ಯೂಗೋದಾಗ ಒಂದು ಫೈಲ್ ತಗದ್ರ ಎಲ್ಲಾ ಕಡೆ ತಾನ ಹೋಗತೈತಿ.

@ಇಳಕಲ್ ತಮ್ಮಾ, ಮೊದಲನೇ ಮಾತು: ಥೀಮಿನ ಫೋಲ್ಡರಿಗೆ ಕೈ ಹಚ್ಚಬ್ಯಾಡ. ನಾಳೆ ಥೀಮಿನ ಹೊಸ ಆವೃತ್ತಿ ಬಂದಾಗ ಒಳಗ ತಿದ್ದಿದ್ದು ಎಲ್ಲಾ ಅಳಿಸಿ ಹೋಗತೈತಿ, ಇಲ್ಲಾ ಎರಡೂ ಬಡಿದಾಡ್ತಾವು. ಹ್ಯೂಗೋ ಯಾವುದರ ಟೆಂಪ್ಲೇಟ್ (ಪುಟದ ಅಚ್ಚು) ಹುಡುಕಬೇಕಾದ್ರ ಮೊದಲು ನಿನ್ನ ಪ್ರಾಜೆಕ್ಟಿನ ಲೇಔಟ್ಸ್ ಫೋಲ್ಡರ್ ನೋಡತೈತಿ, ಅಲ್ಲಿ ಸಿಗಲಿಲ್ಲಂದ್ರ ಅಷ್ಟ ಥೀಮಿನ ಲೇಔಟ್ಸಿಗೆ ಹೋಗತೈತಿ. ಅದಕ್ಕ ನಿನಗ ಬದಲಾಯಿಸಬೇಕಾದ ಒಂದು ಫೈಲ್ ಮಾತ್ರ ಥೀಮಿನಿಂದ ಕಾಪಿ ಮಾಡಿ, ಅದ ಹೆಸರು, ಅದ ದಾರಿಯೊಳಗ ನಿನ್ನ ಲೇಔಟ್ಸ್ ಒಳಗ ಇಡು. ಫುಟರ್ ಬ್ಯಾರೆ ಬೇಕಾದ್ರ ಫುಟರ್ ಒಂದ. ಇಡೀ ಥೀಮ್ ಕಾಪಿ ಮಾಡಬ್ಯಾಡ. ಇನ್ನೊಂದು, ಹೊಸ ಹ್ಯೂಗೋದಾಗ ಪಾರ್ಶಿಯಲ್ಸ್ (ಹೆಡರ್, ಫುಟರಿನಂಥಾ ಪುಟದ ತುಂಡುಗಳ) ಫೋಲ್ಡರಿನ ಹೆಸರಿನ ಮುಂದ ಒಂದು ಅಂಡರ್‌ಸ್ಕೋರ್ ಬಂದೈತಿ. ಹಳೇ ಪಾಠ ನೋಡ್ಕೋತ ಕುಂತ್ರ ಅಲ್ಲಿ ಗೊಂದಲ ಆಗತೈತಿ, ನಿನ್ನ ಥೀಮ್ ಯಾವ ಪದ್ಧತಿ ಹಿಡದೈತಿ ಅಂತ ಮೊದಲು ನೋಡ್ಕೊ.

ಬಣ್ಣ, ಅಕ್ಷರ, ಅಂತರದ ಸಲುವಾಗಿ ಟೆಂಪ್ಲೇಟ್ ಮುಟ್ಟೂದ ಬ್ಯಾಡ. ಒಳ್ಳೆ ಸರಳ ಥೀಮುಗಳೊಳಗ ಸ್ವಂತ ಸಿಎಸ್‌ಎಸ್ (ಬಣ್ಣ, ಅಳತಿ ಹೇಳೂ ಫೈಲ್) ಇಡಾಕ ಒಂದು ಜಾಗ ಕೊಟ್ಟಿರ್ತಾರ. ಪೇಪರ್‌ಮಾಡ್ ಅನ್ನೂ ಥೀಮ್ ಇದ್ರ ಅಸೆಟ್ಸ್ ಒಳಗ ಸಿಎಸ್‌ಎಸ್, ಅದರೊಳಗ ಎಕ್ಸ್‌ಟೆಂಡೆಡ್ ಅಂತ ಫೋಲ್ಡರ್ ಮಾಡಿ ಅಲ್ಲಿ ನಿನ್ನ ಫೈಲ್ ಇಟ್ರ ಸಾಕು, ತಾನ ಸೇರಿಸ್ಕೋತೈತಿ. ಬ್ಯಾರೆ ಥೀಮ್ ಆದ್ರ ಹೆಡ್ ಭಾಗದ ಪಾರ್ಶಿಯಲ್ಲಿನ್ಯಾಗ ನಿನ್ನ ಸಿಎಸ್‌ಎಸ್‌ಗೆ ಒಂದು ಸಾಲು ಕೊಂಡಿ ಹಾಕು.

ಇಳಕಲ್_ಟೋಪತೆನಿ:
ಫೈಲ್ ಇಟ್ಟೆ ಅಣ್ಣಾರ, ಹಿನ್ನೆಲಿ ಬಣ್ಣ ಬದಲಾತು. ಅಂದ್ರ ಹಾದಿ ಸರಿ ಐತಿ. ಆದ್ರ ಚಿಕ್ಕಿ ಇನ್ನೂ ಚಿಕಿನ ಐತಿ.

ಗುಮ್ಮಟದ_ನೆರಳು:
ವಿಜಯಪುರದಿಂದ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಮಕ್ಕಳ ಗೋಡೆಪತ್ರಿಕೆಯನ್ನು ಹೀಗೇ ಹ್ಯೂಗೋದಲ್ಲಿ ಹಾಕುತ್ತೇನೆ, ಹಾಗಾಗಿ ಈ ಕಾಟ ನನಗೆ ಚೆನ್ನಾಗಿ ಗೊತ್ತು. ತೊಂದರೆ ನಿಮ್ಮದಲ್ಲ, ಥೀಮ್ ಬರೆದವರದೂ ಅಲ್ಲ. ಅವರು ಒಂದೇ ಸಾಲಿನ ಮೇಲೆ ಕೂರುವ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಳತೆ ಕೊಟ್ಟಿದ್ದಾರೆ. ನಮ್ಮ ಅಕ್ಷರ ಕೆಳಗೆ ಎರಡು ಅಂತಸ್ತು ಇಳಿಯುತ್ತದೆ. "ರಾಷ್ಟ್ರ", "ಸ್ತ್ರೀ" ಬರೆದು ನೋಡಿ.

ಮೊದಲು ಲೈನ್-ಹೈಟ್, ಅಂದರೆ ಸಾಲಿನ ಎತ್ತರ. ಸರಳ ಥೀಮುಗಳಲ್ಲಿ ತಲೆಬರಹಕ್ಕೆ 1.1 ಅಥವಾ 1.2 ಇಟ್ಟಿರುತ್ತಾರೆ, ಬರಹಕ್ಕೆ 1.5ರ ಆಸುಪಾಸು. ಕನ್ನಡಕ್ಕೆ ತಲೆಬರಹ 1.5, ಬರಹ 1.75 ಇಡಿ. ಸೆರಿಫ್ ಫಾಂಟ್ ಆದರೆ 1.8. ಇಷ್ಟಕ್ಕೇ ಅರ್ಧ ಕಾಯಿಲೆ ವಾಸಿಯಾಗುತ್ತದೆ. ಆದರೆ ನಿಮ್ಮ "ಚಿಕ್ಕಿ" ಬರೀ ಇದರಿಂದ ಸರಿಹೋಗದಿರಬಹುದು, ಏಕೆಂದರೆ ಪಟ್ಟಿಯ ತಲೆಬರಹಗಳಿಗೆ ಥೀಮಿನವರು ಎರಡು ಸಾಲಿಗೆ ಕತ್ತರಿಸುವ ಲೈನ್-ಕ್ಲಾಂಪ್ ಹಾಕಿ, ಜೊತೆಗೆ ಓವರ್‌ಫ್ಲೋ ಹಿಡನ್ ಎಂದು ಬರೆದಿರುತ್ತಾರೆ. ಪೆಟ್ಟಿಗೆಯ ಗೆರೆ ದಾಟಿದ ಒತ್ತು ಅಲ್ಲಿ ಕಾಣುವುದೇ ಇಲ್ಲ. ಮೊಬೈಲಿನಲ್ಲಿ ಮಾತ್ರ ಹೀಗಾಗುತ್ತಿದೆ ಎಂದರೆ ಸಣ್ಣ ಪರದೆಗೆಂದು ಬೇರೆ ನಿಯಮ ಇದ್ದೀತು, ಅದನ್ನೂ ಹುಡುಕಿ. ನಿಮ್ಮ ತಲೆಬರಹಗಳು ಹೇಗೂ ಚಿಕ್ಕವು, ಕ್ಲಾಂಪ್ ತೆಗೆದುಬಿಡಿ. ಇಡಲೇಬೇಕೆಂದರೆ ಕೆಳಗೆ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಸ್ವಲ್ಪ ಕೊಡಿ.

ಲೆಟರ್-ಸ್ಪೇಸಿಂಗ್ ನೋಡಿ. ಇಂಗ್ಲಿಷ್ ತಲೆಬರಹ ಬಿಗಿಯಾಗಿ ಕಾಣಲೆಂದು ಮೈನಸ್ ಅಂತರ ಕೊಡುವುದು ಈಗಿನ ಫ್ಯಾಷನ್. ಕನ್ನಡದಲ್ಲಿ ಪಕ್ಕದ ಅಕ್ಷರದ ತಲೆಕಟ್ಟಿಗೆ ತಲೆಕಟ್ಟು ತಾಗುತ್ತದೆ. ನಾರ್ಮಲ್ ಎಂದು ಬರೆದು ಮುಗಿಸಿ. ಇಟಾಲಿಕ್ ನಮ್ಮ ಫಾಂಟುಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ, ಬ್ರೌಸರು ನೆಟ್ಟಗಿರುವ ಅಕ್ಷರವನ್ನೇ ಹಿಡಿದು ಓರೆ ಮಾಡುತ್ತದೆ, ನೋಡಲು ಹಿಂಸೆ. ಉಲ್ಲೇಖಗಳಿಗೆ ಫಾಂಟ್-ಸ್ಟೈಲ್ ನಾರ್ಮಲ್ ಮಾಡಿ, ಬೇಕಾದರೆ ಬಣ್ಣ ಬದಲಿಸಿ. ಮೊದಲ ಅಕ್ಷರ ದೊಡ್ಡದು ಮಾಡುವ ಅಲಂಕಾರವಿದ್ದರೆ ಅದನ್ನೂ ತೆಗೆಯಿರಿ, "ಸ್ತ್ರೀ"ಯಂಥ ಸಂಯುಕ್ತಾಕ್ಷರ ಸಿಕ್ಕಾಗ ಬ್ರೌಸರುಗಳು ಒಂದೊಂದು ಥರ ಆಡುತ್ತವೆ.

ಸಾಲಿನ ಅಗಲವನ್ನು 65 ಸಿಎಚ್ ಎಂದು ಕೊಟ್ಟಿದ್ದಾರೆಯೇ? ಸಿಎಚ್ ಎಂದರೆ ಆ ಫಾಂಟಿನ ಸೊನ್ನೆಯ ಅಗಲ. ನಮ್ಮ ಅಕ್ಷರಗಳು ಆ ಸೊನ್ನೆಗಿಂತ ಅಗಲ, ಹಾಗಾಗಿ ಸಾಲು ಬೇಗ ಮುರಿದು ಪುಟ ಸಣಕಲಾಗಿ ಕಾಣುತ್ತದೆ. 40 ರೆಮ್‌ನಷ್ಟು (ರೆಮ್ ಎಂದರೆ ಪುಟದ ಮೂಲ ಅಕ್ಷರ ಗಾತ್ರ) ಇಟ್ಟು ನೋಡಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡವೇ ಬೇಡ, ನಮ್ಮ ಉದ್ದುದ್ದ ಪದಗಳ ನಡುವೆ ಸಣ್ಣ ಪರದೆಯಲ್ಲಿ ಹೊಂಡ ಬೀಳುತ್ತವೆ. ಓವರ್‌ಫ್ಲೋ-ರ್‍ಯಾಪ್‌ಗೆ ಬ್ರೇಕ್-ವರ್ಡ್ ಕೊಟ್ಟರೆ "ಕೈಮಗ್ಗದವರೊಂದಿಗೆ" ಎನ್ನುವಂಥದ್ದು ಪರದೆ ದಾಟಿ ಓಡುವುದಿಲ್ಲ.

ಡಿಟಿಪಿ_ಬಾಗಲಕೋಟೆ:
ಅಕ್ಕಾರು ಹೇಳಿದ್ದು ಎಲ್ಲಾ ಖರೆ. ಮಸಿ ಚೆಲ್ಲಿದಂಗ ಆಗೂದರ ಕಾರಣ ನಾ ಹೇಳ್ತೇನಿ, ಅಕ್ಷರದ ಕೆಲಸ ನಮ್ಮ ಹೊಟ್ಟಿಪಾಡು. ನೀ ಫಾಂಟಿನ ಸಾಮಾನ್ಯ ತೂಕದ ಫೈಲ್ ಒಂದ ಹಾಕಿರ್ತಿ. ಥೀಮು ತಲೆಬರಹಕ್ಕ 700 ತೂಕ ಕೇಳತೈತಿ. ಇಲ್ಲದ್ದನ್ನ ಎಲ್ಲಿಂದ ತರಬೇಕು ಬ್ರೌಸರು? ಇದ್ದ ಅಕ್ಷರಕ್ಕ ಸುತ್ತಲೂ ದಪ್ಪ ಹಚ್ಚತೈತಿ. ಇಂಗ್ಲಿಷಿನ್ಯಾಗ ಹೆಂಗೋ ನಡೀತೈತಿ, ನಮ್ಮ ಒತ್ತಿನ ಸಣ್ಣ ಸಣ್ಣ ಕಣ್ಣು ಮುಚ್ಚಿ ಹೋಗ್ತಾವು. ನೋಟೋ ಸ್ಯಾನ್ಸ್ ಕನ್ನಡ ವೇರಿಯಬಲ್ ಫಾಂಟ್ ಆಗಿ ಸಿಗತೈತಿ, ಒಂದ ಫೈಲಿನ್ಯಾಗ 100ರಿಂದ 900ರ ತನಕ ಎಲ್ಲಾ ತೂಕ. ತಲೆಬರಹಕ್ಕ 600 ಇಡು, 700 ಕನ್ನಡಕ್ಕ ಭಾರ. ಓಪನ್ ಫಾಂಟ್ ಲೈಸೆನ್ಸು, ರೊಕ್ಕದ ಮಾತಿಲ್ಲ, ನಿನ್ನ ಜಾಲತಾಣದಾಗ ಇಟ್ಕೊಬಹುದು.

ಮತ್ತೊಂದು ಎಚ್ಚರ. ಸೀರಿಯ ವಿವರ ನಿಮ್ಮ ಹಳೇ ಕರಪತ್ರದಿಂದ ಎತ್ತಿ ಹಾಕೂ ವಿಚಾರ ಇದ್ರ, ಅದು ನುಡಿ ತಂತ್ರಾಂಶದ ಹಳೇ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿನ್ಯಾಗ ಇರತೈತಿ. ಈ ಕಡೆ ಅಂಗಡಿಗಳೊಳಗ ಇನ್ನೂ ಅದ ನಡದೈತಿ. ಮಾರ್ಕ್‌ಡೌನ್ ಫೈಲಿಗೆ (ಹ್ಯೂಗೋ ಓದೂ ಬರಹದ ಫೈಲು) ಅಂಟಿಸಿದ್ರ ಅರ್ಥ ಆಗದ ಇಂಗ್ಲಿಷ್ ಅಕ್ಷರದ ರಾಶಿ ಬೀಳತೈತಿ. ಮೊದಲು ಯುನಿಕೋಡಿಗೆ ಪರಿವರ್ತನೆ ಮಾಡ್ಕೊ, ಆಮ್ಯಾಲ ಅರ್ಕಾವೊತ್ತು ಬಂದ ಜಾಗ ಎಲ್ಲಾ ಕಣ್ಣಿಟ್ಟು ಓದು. ಪರಿವರ್ತಕ ಎಡವೂದು ಹೆಚ್ಚಾಗಿ ಅಲ್ಲೇ.

ಕರದಂಟು:
ಫಾಂಟ್ ಫೈಲ್ ಯಾಕ ಇಳಿಸಬೇಕ್ರಿ? ಸರಳ ಥೀಮ್ ಬೇಕು ಅಂತೀರಿ, ಮ್ಯಾಲ ಫಾಂಟಿನ ಭಾರ ಹೇರ್ತೀರಿ. ಆಂಡ್ರಾಯ್ಡಿನ್ಯಾಗ ನೋಟೋ ಐತಿ, ವಿಂಡೋಸಿನ್ಯಾಗ ನಿರ್ಮಲಾ ಐತಿ, ಆ್ಯಪಲ್‌ನ್ಯಾಗ ಕನ್ನಡ ಸಂಗಮ್ ಐತಿ. ಎಲ್ಲಾರ ಕೈಯಾಗೂ ಕನ್ನಡ ಮೊದಲ ಐತಿ.

ಡಿಟಿಪಿ_ಬಾಗಲಕೋಟೆ:
ಐತಿ, ಆದ್ರ ಮೂರೂ ಮೂರು ಥರ. ನೀವು ಒಂದು ಫೋನಿನ್ಯಾಗ ಅಳತಿ ಹೊಂದಿಸಿದ್ರ ಇನ್ನೊಂದರಾಗ ಸಾಲು ಕೆಡತೈತಿ. ಹಳೇ ವಿಂಡೋಸ್ 7 ಇದ್ದ ಕಂಪ್ಯೂಟರ್ ಇನ್ನೂ ಅದಾವ, ಅಲ್ಲಿ ತುಂಗಾ ಬರತೈತಿ, ಸಣ್ಣಗ ಕಾಣತೈತಿ. ಅಂಗಡಿಯ ಹೆಸರು ಎಲ್ಲಾ ಕಡೆ ಒಂದ ಮುಖದಾಗ ಕಾಣಬೇಕೊ ಬ್ಯಾಡೊ?

ಕರದಂಟು:
ಸೀರಿ ಕೊಳ್ಳಾಕ ಬಂದಾಕಿ ಫಾಂಟ್ ನೋಡ್ತಾಳೇನ್ರಿ, ಸೆರಗು ನೋಡ್ತಾಳ.

ಗುಮ್ಮಟದ_ನೆರಳು:
ಇಬ್ಬರದೂ ಹಟ ಬಿಡಿಸುವ ದಾರಿ ಇದೆ. ಬರಹಕ್ಕೆ ಆಯಾ ಸಾಧನದಲ್ಲಿರುವ ಫಾಂಟೇ ಇರಲಿ, ತಲೆಬರಹಕ್ಕೆ ಮಾತ್ರ ಒಂದು ಫೈಲು. ವಾಫ್2 (ವೆಬ್‌ಗೆಂದು ಕುಗ್ಗಿಸಿದ ಫಾಂಟ್) ರೂಪದಲ್ಲಿ ನಿಮ್ಮದೇ ಸ್ಟ್ಯಾಟಿಕ್ ಫೋಲ್ಡರಿನಲ್ಲಿ ಇಡಿ, ಫಾಂಟ್-ಡಿಸ್‌ಪ್ಲೇ ಸ್ವಾಪ್ ಕೊಡಿ, ಫೈಲು ಇಳಿಯುವ ತನಕ ಸಾಧನದ ಫಾಂಟ್ ಕಾಣುತ್ತಿರುತ್ತದೆ. ಫಾಂಟುಗಳ ಹೆಸರಿನ ಸಾಲಿನಲ್ಲಿ ಇಂಗ್ಲಿಷ್ ಫಾಂಟ್ ಮೊದಲು, ಆಮೇಲೆ ಕನ್ನಡದ್ದು ಬರಲಿ. ಇಲ್ಲದಿದ್ದರೆ ಬೆಲೆಯ ಅಂಕಿಗಳೂ ಕನ್ನಡ ಫಾಂಟಿನ ಒಳಗಿರುವ ಇಂಗ್ಲಿಷ್ ರೂಪದಲ್ಲೇ ಬರುತ್ತವೆ.

ಫಾಂಟನ್ನು ಕತ್ತರಿಸಿ ಸಣ್ಣದು ಮಾಡುವವರು ಒಂದು ವಿಷಯ ಮರೆಯಬಾರದು. ಕನ್ನಡದ ಯುನಿಕೋಡ್ ಕಂತೆಯನ್ನು ಮಾತ್ರ ಉಳಿಸಿಕೊಂಡು ಶೂನ್ಯ ಅಗಲದ ಜೋಡಕ, ವಿಭಾಜಕ ಎರಡನ್ನೂ ಬಿಟ್ಟರೆ "ರ್‍ಯಾಂಕ್", "ಸಾಫ್ಟ್‌ವೇರ್" ಎಂಬಂಥ ಪದಗಳು ಕೆಡಬಹುದು. ಯುನಿಕೋಡ್-ರೇಂಜ್ ಬರೆಯುವಾಗಲೂ ಇವೆರಡನ್ನು ಸೇರಿಸಿ.

ಇಳಕಲ್_ಟೋಪತೆನಿ:
ಅಕ್ಕಾರ, ಕ್ಲಾಂಪ್ ತಗದೆ. ಚಿಕ್ಕಿ ಚಿಕ್ಕಿ ಆತು! ರೇಷ್ಮೆನೂ ಪೂರ್ತಿ ಕಾಣ್ತೈತಿ. ತಲೆಬರಹಕ್ಕ ಫಾಂಟ್ ಹಾಕಿ 600 ಇಟ್ಟೇನಿ, ಮಸಿ ಹೋತು.

ಈಗ ತಾರೀಖಿನ ಕಥಿ ಹೇಳ್ರಿ. ಹಂಗ, ಕೆಂಪು ಬಣ್ಣ ಇಡೀ ಹೆಡರಿಗೆ ಬಳದ್ರ ಹೆಂಗ? ಅದರ ಮ್ಯಾಲ ಬಿಳಿ ಟೋಪ್ ತೆನಿ (ಹಲ್ಲಿನಂಥಾ ಚಿತ್ತಾರ) ಸಾಲು ಹಾಕಬೇಕಂತ ಅಪ್ಪಾರ ಆಸೆ. ಸೆರಗಿನ್ಯಾಗ ಇರೂ ಹಂಗ.

ಕ್ಯಾಂಪ್_ಬೆಳಗಾವಿ:
ತಾರೀಖು ಸುಲಭ. ಸಂರಚನಾ ಫೈಲಿನ್ಯಾಗ ಭಾಷೆಯ ಕೋಡ್ ಕನ್ನಡದ್ದು ಕೊಡು, ಡಿಫಾಲ್ಟ್ ಭಾಷೆನೂ ಅದ ಇರಲಿ. ಟೆಂಪ್ಲೇಟಿನ್ಯಾಗ ತಾರೀಖು ಬರೂ ಜಾಗದಾಗ ಟೈಮ್ ಫಾರ್ಮ್ಯಾಟ್ ಬಳಸಿ ಡೇಟ್ ಲಾಂಗ್ ಅಂತ ಕೇಳಿದ್ರ ತಿಂಗಳು ಕನ್ನಡದಾಗ ಬರತೈತಿ. "ಮುಂದ", "ಹಿಂದ", "ಹುಡುಕು" ಇಂಥಾ ಪದ ಥೀಮಿನ ಐ18ಎನ್ (ಅನುವಾದದ) ಫೋಲ್ಡರಿನ್ಯಾಗ ಇರ್ತಾವು. ಇಂಗ್ಲಿಷ್ ಫೈಲ್ ಕಾಪಿ ಮಾಡಿ ನಿನ್ನ ಪ್ರಾಜೆಕ್ಟಿನ ಐ18ಎನ್ ಒಳಗ ಕನ್ನಡ ಕೋಡಿನ ಹೆಸರಿಟ್ಟು ಅನುವಾದ ಮಾಡು. ಪುಟದ ಎಚ್‌ಟಿಎಮ್‌ಎಲ್ ಟ್ಯಾಗಿನ್ಯಾಗೂ ಭಾಷೆ ಕನ್ನಡ ಅಂತ ಬಂತೊ ಇಲ್ಲೊ ನೋಡ್ಕೊ. ಕಣ್ಣು ಕಾಣದವರು ಬಳಸೂ ಸ್ಕ್ರೀನ್ ರೀಡರ್ ಅದನ್ನ ನೋಡಿನ ಯಾವ ಧ್ವನಿಯೊಳಗ ಓದಬೇಕು ಅಂತ ತೀರ್ಮಾನಿಸ್ತೈತಿ.

ಬಣ್ಣದ ಸಲುವಾಗಿ: ಸರಳ ಥೀಮುಗಳೊಳಗ ಬಣ್ಣ ಎಲ್ಲಾ ಸಿಎಸ್‌ಎಸ್ ಚರಾಂಶದೊಳಗ, ಅಂದ್ರ ವೇರಿಯಬಲ್ಲಿನ್ಯಾಗ, ಒಂದ ಕಡೆ ಇರ್ತಾವು. ನೀ ಅವನ್ನಷ್ಟ ನಿನ್ನ ಫೈಲಿನ್ಯಾಗ ಮತ್ತ ಬರದ್ರ ಮುಗೀತು. ದಾಳಿಂಬೆ ಕೆಂಪಿಗೆ ಆರ್‌ಜಿಬಿ 139, 26, 43 ಹಾಕಿ ನೋಡು. ಬಿಳಿ ಮ್ಯಾಲ ಅದರ ಕಾಂಟ್ರಾಸ್ಟ್ 9ರ ಮ್ಯಾಲ ಬರತೈತಿ, ಓದಾಕ ಬೇಕಾದ್ದು 4.5, ಹಿಂಗಾಗಿ ಕೊಂಡಿಗಳಿಗೂ ನಡೀತೈತಿ. ಆದ್ರ ಫೋನ್ ಕಪ್ಪು ಮೋಡಿನ್ಯಾಗ ಇದ್ದವರಿಗೆ ಅದ ಕೆಂಪು ಕಾಣೂದ ಇಲ್ಲ, ಕಾಂಟ್ರಾಸ್ಟ್ 2ರ ಆಸುಪಾಸಷ್ಟ ಇರತೈತಿ. ಕಪ್ಪು ಮೋಡಿಗೆ ಬ್ಯಾರೆ ಕೊಡಬೇಕು, 232, 122, 134 ಇಟ್ರ 6 ದಾಟತೈತಿ. ಇಲ್ಲಾ ಕಪ್ಪು ಮೋಡನ್ನ ಬಂದ್ ಮಾಡಿಬಿಡು. ಸೀರಿ ಬಣ್ಣ ನೋಡಾಕ ಬಂದವರಿಗೆ ಬಿಳಿ ಹಿನ್ನೆಲಿನ ಛಲೋ ಅಂತ ನನ್ನ ಅಭಿಪ್ರಾಯ.

ಡಿಟಿಪಿ_ಬಾಗಲಕೋಟೆ:
ಇಡೀ ಹೆಡರಿಗೆ ಕೆಂಪು ಬ್ಯಾಡ. ಕೆಳಗ ಸೀರಿ ಫೋಟೊ ಬರ್ತಾವು, ಅವು ನವಿಲು ಹಸಿರು ಇರಬಹುದು, ಅರಿಶಿಣ ಇರಬಹುದು. ಮ್ಯಾಲ ಅಷ್ಟು ದೊಡ್ಡ ಕೆಂಪು ಪಟ್ಟಿ ಕುಂತ್ರ ಕಣ್ಣು ಅದರ ಮ್ಯಾಲ ಹೋಗತೈತಿ, ಪಕ್ಕದ ಬಣ್ಣನೂ ಬ್ಯಾರೆ ಕಾಣತೈತಿ. ಅಂಗಡಿಯೊಳಗ ಗೋಡೆಗೆ ಬಿಳಿ ಸುಣ್ಣ ಯಾಕ ಹೊಡೀತಾರ?

ಅಪ್ಪಾರ ಆಸೆ ಬಿಡಬ್ಯಾಡ. ಟೋಪ್ ತೆನಿ ಒಂದ ಒಂದು ಕಡೆ ಬರಲಿ, ಹೆಡರಿನ ಕೆಳಗ ಗೆರಿ ಇರೂ ಜಾಗದಾಗ. ಥೀಮಿನ ಬೂದು ಗೆರಿ ತಗದು ಅಲ್ಲಿ ಸಾಲು ಹಾಕು.

ಇಳಕಲ್_ಟೋಪತೆನಿ:
ಸೆರಗಿನ ಫೋಟೊ ಕತ್ತರಿಸಿ ಹಾಕಿದ್ರ ನಡೀತೈತೇನು ಸರ?

ಕ್ಯಾಂಪ್_ಬೆಳಗಾವಿ:
ಫೋಟೊ ಬ್ಯಾಡ, ಹಿಗ್ಗಿಸಿದ್ರ ಮಸುಕಾಗತೈತಿ. ಒಂದು ಹಲ್ಲು ಮಾತ್ರ ಎಸ್‌ವಿಜಿಯೊಳಗ (ಹಿಗ್ಗಿಸಿದ್ರೂ ಮಸುಕಾಗದ ಗೆರಿ ಚಿತ್ರ) ಬಿಡಿಸು. ಆ ಮೆಟ್ಟಿಲು ಮೆಟ್ಟಿಲಾಗಿ ಮ್ಯಾಲೇರಿ ಚೂಪಾಗೂ ಆಕಾರ ಬರೀ ನೇರ ಗೆರಿಗಳದ್ದು, ಚಿತ್ರಕಲಾ ಗೊತ್ತಿರಬೇಕಂತಿಲ್ಲ. ಚೌಕುಳಿ ಹಾಳಿ ಮ್ಯಾಲ ಅಪ್ಪಾರ ಕಡಿಂದ ಬರಸ್ಕೊ, ಅವರಿಗೆ ಎಳಿ ಲೆಕ್ಕ ಬಾಯಿಪಾಠ ಇರತೈತಿ. ಆ ಚೌಕದ ಲೆಕ್ಕನ ಎಸ್‌ವಿಜಿಯ ಬಿಂದುಗಳು. ಅದನ್ನ ಹಿನ್ನೆಲಿ ಚಿತ್ರ ಮಾಡಿ ಅಡ್ಡಕ್ಕ ಪುನರಾವರ್ತನೆ ಕೊಡು, ಎತ್ತರ 12 ಪಿಕ್ಸೆಲ್. ಒಂದು ಕೆಬಿನೂ ಆಗೂದಿಲ್ಲ.

ಇಳಕಲ್_ಟೋಪತೆನಿ:
ಬರಸ್ಕೊಂಡೆ. ಅಪ್ಪಾರು ಹಲ್ಲಷ್ಟ ಬರೀಲಿಲ್ಲ. ಒಡಲಿನ ಎಳಿಗೂ ಸೆರಗಿನ ಎಳಿಗೂ ಕೊಂಡಿ ಹಾಕಿ ಜೋಡಿಸೂದನ್ನೂ ಪಕ್ಕದಾಗ ಬಿಡಿಸ್ಯಾರ, "ಇದನ್ನ ಹಾಕಲಿಲ್ಲಂದ್ರ ಅದು ಇಳಕಲ್ ಸೀರಿ ಹೆಂಗಾದೀತು" ಅಂತಾರ. ಅದಕ್ಕ ಬ್ಯಾರೆ ಒಂದು ಪುಟ ಮಾಡ್ತೇನಿ.

ಫೋಟೊ ಕೇಳ್ತೇನಿ. ನನ್ನ ಫೋನಿನ ಒಂದೊಂದು ಚಿತ್ರ 4 ಎಂಬಿ. ಮುಖಪುಟ ತೆರಿಯೂದರಾಗ ಚಾ ಕುಡದು ಬರಬಹುದು.

ಕ್ಯಾಂಪ್_ಬೆಳಗಾವಿ:
ಸೀರಿಗೆ ಒಂದೊಂದು ಫೋಲ್ಡರ್ ಮಾಡು, ಅದರೊಳಗ ಇಂಡೆಕ್ಸ್ ಮಾರ್ಕ್‌ಡೌನ್ ಫೈಲು, ಜೋಡಿ ಫೋಟೊಗಳು. ಇದಕ್ಕ ಪೇಜ್ ಬಂಡಲ್ ಅಂತಾರ. ಹಿಂಗಿಟ್ರ ಟೆಂಪ್ಲೇಟಿನ್ಯಾಗ ಕೇಳಿದ ಅಳತಿಗೆ ಹ್ಯೂಗೋ ಫೋಟೊ ಸಣ್ಣ ಮಾಡಿಕೊಡತೈತಿ. ಪಟ್ಟಿಗೆ 480 ಪಿಕ್ಸೆಲ್ ಅಗಲ, ಒಳಪುಟಕ್ಕ 1200, ಎರಡೂ ವೆಬ್‌ಪಿ ರೂಪದಾಗ. ಮೂಲ ಫೋಟೊ ಹಂಗ ಇರತೈತಿ. ಇಮೇಜ್ ಟ್ಯಾಗಿನ್ಯಾಗ ಅಗಲ, ಎತ್ತರ ಬರಿ, ಲೋಡಿಂಗ್ ಲೇಝಿ (ಪರದೆ ಸಮೀಪ ಬಂದಾಗ ಇಳಿಯೂ ಹಂಗ) ಕೊಡು, ಮೊದಲ ಫೋಟೊಕ್ಕ ಮಾತ್ರ ಲೇಝಿ ಬ್ಯಾಡ.

ಗುಮ್ಮಟದ_ನೆರಳು:
ಥೀಮಿನಲ್ಲಿ ಇನ್ನೇನು ತೆಗೆಯಬಹುದು ಎಂದೂ ನೋಡಿ. ನಾಲ್ಕು ಮೆನುವಿಗೆ ಮೂರು ಗೆರೆಯ ಗುಂಡಿ ಬೇಡ, ಎದುರಿಗೇ ಇರಲಿ. "ಓದಲು 1 ನಿಮಿಷ" ಎನ್ನುವುದು ಸೀರೆಯ ಪುಟದಲ್ಲಿ ನಗೆಪಾಟಲು. ಹುಡುಕಾಟದ ಪೆಟ್ಟಿಗೆಯೂ ಸದ್ಯಕ್ಕೆ ಅನಗತ್ಯ, ದಡಿಯ ಪ್ರಕಾರ ವಿಂಗಡಿಸಿದ ಪಟ್ಟಿಯೇ ಸಾಕು. ಹೊರಗಿನ ಸ್ಕ್ರಿಪ್ಟ್ ಯಾವುದಾದರೂ ಇಳಿಯುತ್ತಿದ್ದರೆ ಅದನ್ನೂ.

ಕರದಂಟು:
ಈಗ ಸರಿ ಹಾದಿಗೆ ಬಂದ್ರಿ. ಆರ್ಡರ್ ಹೆಂಗ ತಗೋತಿ ತಮ್ಮಾ? ಇಂಥಾ ಜಾಲತಾಣದಾಗ ಹಿಂದ ಸರ್ವರ್ ಇರೂದಿಲ್ಲ, ಕಾರ್ಟು ಗೀರ್ಟು ತಾನಾಗಿ ಬರೂದಿಲ್ಲ.

ಇಳಕಲ್_ಟೋಪತೆನಿ:
ಕಾರ್ಟ್ ಬ್ಯಾಡ್ರಿ. ಪ್ರತಿ ಪುಟದ ಕೆಳಗ ವಾಟ್ಸಾಪ್ ಕೊಂಡಿ ಹಾಕೇನಿ, ಒತ್ತಿದ್ರ ಆ ಸೀರಿಯ ಹೆಸರು ಮೆಸೇಜಿನ್ಯಾಗ ಬರದ ಬರತೈತಿ. ಮನಿ ಕಂಪ್ಯೂಟರಿನ್ಯಾಗ ಎಲ್ಲಾ ಛಲೋ ಕಾಣ್ತೈತಿ, ಆದ್ರ ಗಿಟ್‌ಹಬ್ ಪೇಜಸಿಗೆ (ಜಾಲತಾಣ ಇಡೂ ಸೇವೆ) ಏರಿಸಿದ ಮ್ಯಾಲ ಬರೀ ಬೆತ್ತಲೆ ಅಕ್ಷರ, ಬಣ್ಣ ಇಲ್ಲ, ಏನಿಲ್ಲ. ಹೊಸದಾಗಿ ಬರದ ಎರಡು ಸೀರಿ ಪುಟನೂ ಕಾಣವಲ್ಲವು.

ಕ್ಯಾಂಪ್_ಬೆಳಗಾವಿ:
ಎಲ್ಲಾರಿಗೂ ಆಗೂದ ಇದು. ಬಣ್ಣ ಬರದಿದ್ದಕ್ಕ ಬೇಸ್ ಯುಆರ್‌ಎಲ್ (ಜಾಲತಾಣದ ಮೂಲ ವಿಳಾಸ) ಕಾರಣ ಇರಬೇಕು. ನಿನ್ನ ವಿಳಾಸ ಬಳಕೆದಾರನ ಹೆಸರು, ಗಿಟ್‌ಹಬ್ ಡಾಟ್ ಐಒ, ಅದರ ಮುಂದ ಓರೆಗೆರಿ ಹಾಕಿ ರೆಪೊಸಿಟರಿ (ಫೈಲ್ ಇಟ್ಟ ಜಾಗ) ಹೆಸರು ಹೊಂದಿದ್ರ, ಸಂರಚನಿಯೊಳಗೂ ಅದು ಪೂರ್ತಿ ಬರಬೇಕು, ಕೊನೆಯ ಓರೆಗೆರಿ ಸಮೇತ. ಪುಟನ ಪೂರ್ತಿ ಖಾಲಿ ಬಂದ್ರ ಅದು ಬ್ಯಾರೆ ರೋಗ: ಥೀಮನ್ನ ಗಿಟ್ ಸಬ್‌ಮಾಡ್ಯೂಲ್ (ಬ್ಯಾರೆ ಕಡೆಯಿಂದ ಕೊಂಡಿ ಹಾಕಿದ ಫೋಲ್ಡರ್) ಆಗಿ ಸೇರಿಸಿರ್ತಿ, ಏರಿಸೂ ವರ್ಕ್‌ಫ್ಲೋದಾಗ ಸಬ್‌ಮಾಡ್ಯೂಲ್ ತಗೊಂಡು ಬಾ ಅಂತ ಹೇಳಿರೂದಿಲ್ಲ. ಕಾಣದ ಎರಡು ಪುಟದ ಮ್ಯಾಲ ಡ್ರಾಫ್ಟ್ ಟ್ರೂ (ಇನ್ನೂ ಕರಡು) ಅಂತ ಇರತೈತಿ ನೋಡು. ಮನ್ಯಾಗ ಡ್ರಾಫ್ಟ್ ತೋರಸು ಅಂತ ಹೇಳಿ ಸರ್ವರ್ ನಡಸಿರ್ತಿ, ಅಲ್ಲಿ ಹಂಗಿಲ್ಲ.

ವಿಳಾಸ ಕನ್ನಡದಾಗ ಬಿಡಬ್ಯಾಡ. "ಇಳಕಲ್" ಅನ್ನೂ ಒಂದ ಪದ ವಾಟ್ಸಾಪಿಗೆ ಅಂಟಿಸಿದ್ರ ಶೇಕಡಾ ಚಿಹ್ನೆ ಹಾಕ್ಕೊಂಡು 45 ಅಕ್ಷರ ಆಗಿ ಬೀಳಬಹುದು, ಯಾಕಂದ್ರ ಒಂದೊಂದು ಕನ್ನಡ ಸಂಕೇತಕ್ಕ 3 ಬೈಟು, ಒಂದೊಂದು ಬೈಟಿಗೆ 3 ಅಕ್ಷರ. ಗಿರಾಕಿ ನೋಡಿ ಏನೋ ಮೋಸದ ಲಿಂಕ್ ಅಂತ ಅಂಜ್ತಾರ. ಪ್ರತಿ ಪುಟದ ಮ್ಯಾಲ ಸ್ಲಗ್ ಅಂತ ಇಂಗ್ಲಿಷ್ ಅಕ್ಷರದಾಗ ಸಣ್ಣ ಹೆಸರು ಕೊಡು.

ಇಳಕಲ್_ಟೋಪತೆನಿ:
ಬೇಸ್ ಯುಆರ್‌ಎಲ್ಲೇ ಇತ್ತು ಅಣ್ಣಾರ, ಬಂತು ಬಣ್ಣ. ಡ್ರಾಫ್ಟೂ ತಗದೆ. ಲಿಂಕ್ ಕಳಿಸಿದಾಗ ಸೀರಿ ಫೋಟೊ ವಾಟ್ಸಾಪಿನ್ಯಾಗ ಕಾಣಸಾಕ ಏನರೆ ಮಾಡಬೇಕೇನು?

ಕ್ಯಾಂಪ್_ಬೆಳಗಾವಿ:
ಓಪನ್ ಗ್ರಾಫ್ ಟ್ಯಾಗ್, ಅಂದ್ರ ಲಿಂಕಿನ ಜೋಡಿ ಕಾಣೂ ತಲೆಬರಹ, ಚಿತ್ರ ಯಾವುದು ಅಂತ ಹೇಳೂ ಸಾಲು, ಬೇಕು. ಹ್ಯೂಗೋದಾಗನ ಅದರ ಟೆಂಪ್ಲೇಟ್ ಐತಿ, ಹೆಡ್ಡಿನ್ಯಾಗ ಕರದ್ರ ಆತು. ಚಿತ್ರದ ವಿಳಾಸ ಪೂರ್ತಿ ಇರಬೇಕು, ಫೈಲು ಸಣ್ಣದಿರಬೇಕು, ನಿನ್ನ 4 ಎಂಬಿ ಕೊಟ್ರ ವಾಟ್ಸಾಪ್ ತೋರಸೂದ ಇಲ್ಲ. ಇದಕ್ಕ ಜೆಪೆಗ್ ಕೊಡು, 1200ಕ್ಕ 630 ಅಳತಿ. ಸೀರಿ ಉದ್ದಕ್ಕ ತೂಗಹಾಕಿದ ಫೋಟೊ ಬ್ಯಾಡ, ಮ್ಯಾಲ ಕೆಳಗ ಕತ್ತರಿಸತೈತಿ. ಸೆರಗೂ ದಡಿಯೂ ಕೂಡೂ ಮೂಲಿ ಅಡ್ಡಕ್ಕ ತಗಿ. ಒಮ್ಮೆ ಕಳಿಸಿದ ಲಿಂಕಿನ ಚಿತ್ರ ವಾಟ್ಸಾಪ್ ನೆನಪಿಟ್ಕೋತೈತಿ, ತಿದ್ದಿದ ಮ್ಯಾಲೂ ಹಳೇದ ಬಂದ್ರ ಲಿಂಕಿನ ಕೊನಿಗೆ ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದ 1 ಹಾಕಿ ಕಳಿಸಿ ನೋಡು.

ಇಳಕಲ್_ಟೋಪತೆನಿ:
ಮೂಲಿ ಫೋಟೊ ನಾಳೆ ಮುಂಜಾನೆ ತಗೀತೇನಿ, ಸಂಜೀಕ ಟ್ಯೂಬ್‌ಲೈಟಿನ್ಯಾಗ ಕೆಂಪು ಕಿತ್ತಳೆ ಆಗತೈತಿ. ಐ18ಎನ್ ಫೈಲಿನ್ಯಾಗ ಇನ್ನೂ ಒಂದಿಷ್ಟು ಸಾಲು ಉಳದಾವು, ಅವನ್ನ ಮುಗಿಸಿ ಲಿಂಕ್ ಹಾಕ್ತೇನಿ.